ಊಟದ ಹೊತ್ತಿನ ಬೆಸುಗೆ

"ಇವತ್ತು ನಿಮ್ಮಪ್ಪನ್ನ ಎಷ್ಟು ಹೊತ್ತು ಕೂರಿಸ್ಲಿ?" ಎಂದು ಅಮ್ಮ ಕೇಳಿದಾಗ ಮಗಳು ಬುತ್ತಿ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತುತ್ತಿದ್ದಳು. ಅಪ್ಪ ಆಗಲೇ ಗಾಡಿ ರಿಪೇರಿಯ ಶೆಡ್ಡಿಗೆ ಹೋಗಿಯಾಗಿತ್ತು, ಮನೆಯಲ್ಲಿ ಇದ್ದದ್ದು ಇವರಿಬ್ಬರೇ, ಆದರೂ ಅಮ್ಮ ಕೇಳಿದ್ದು ಪಿಸುದನಿಯಲ್ಲಿ. ಗುಟ್ಟಿಗೆ ಒಮ್ಮೆ ಇಳಿದ ದನಿ ಮತ್ತೆ ಮೇಲಕ್ಕೆ ಬರುವುದು ಕಷ್ಟವೇನೋ. "ಇವತ್ತು ಬೇಡಮ್ಮ. ಅಂಥ ಕೆಲಸ ಏನಿಲ್ಲ" ಎಂದಳು ಮಗಳು. "ಒಂದೂ ಇಲ್ವಾ?" "ಇಲ್ಲ." "ಸಣ್ಣಪುಟ್ಟದ್ದು?" "ಇಲ್ಲ ಅಂದೆನಲ್ಲ." ಅಮ್ಮ ಒಲೆಯ ಕಡೆ ತಿರುಗಿ, ಆಗಲೇ ಆರಿಸಿದ್ದ ಒಲೆಯ ತಿರುಪನ್ನು ಇನ್ನೊಮ್ಮೆ ತಿರುವಿ ನೋಡಿದಳು. "ಆದ್ರೂ ಕೂತಿರ್ಲಿ ಬಿಡು ಒಂದು ಗಳಿಗೆ. ನಿನ್ನ ಗಂಟೇನು ಹೋಗುತ್ತೆ?" ಎಂದಳು. ಆ ಮಾತಿನಲ್ಲಿ ಇದ್ದದ್ದು ಸಿಟ್ಟೋ ನಾಚಿಕೆಯೋ ಗೊತ್ತಾಗಲಿಲ್ಲ. ಮಗಳಿಗೆ ನಗು ಬಂತು. ಚಪ್ಪಲಿ ಮೆಟ್ಟುವ ಹೊತ್ತಿಗೆ ಆ ನಗು ಎದೆಯ ಕೆಳಗೆ ಎಲ್ಲೋ ಸಿಕ್ಕಿಕೊಂಡು ನೋಯತೊಡಗಿತು.

ಕಣ್ಣಿನ ಡಾಕ್ಟರು ಅಪ್ಪನ ಎದುರಿಗೇ ಎಲ್ಲ ಬಿಡಿಸಿ ಹೇಳಿದ್ದರು. ನೋಟದ ನಡುವೆ ಕಲೆ ಬಿದ್ದಿದೆ, ಅದು ಇನ್ನೂ ದೊಡ್ಡದಾಗುತ್ತದೆ, ಆಪರೇಶನ್ ಮಾಡಿ ತೆಗೆಯುವಂಥದ್ದಲ್ಲ. ಅಂಚು ಉಳಿಯುತ್ತದೆ, ನಡು ಹೋಗುತ್ತದೆ. ಅಪ್ಪ ಅದರಲ್ಲಿ ಉಳಿಯುತ್ತದೆ ಎನ್ನುವ ಒಂದೇ ಮಾತನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದಿದ್ದ. ಬೀದಿಯ ತುದಿಯಿಂದಲೇ ಸಿಕ್ಕಸಿಕ್ಕವರಿಗೆಲ್ಲ "ಕಣ್ಣು ಉಳಿಯುತ್ತಂತೆ" ಎಂದು ಸಾರಿಕೊಂಡು ಬಂದ. ಉಳಿದದ್ದೂ ಸುಳ್ಳಲ್ಲ. ಬೀದಿಯಲ್ಲಿ ಯಾರನ್ನೂ ಎಡವುತ್ತಿರಲಿಲ್ಲ, ಗಾಡಿ ಯಾವ ಬಣ್ಣದ್ದೆಂದು ಹೇಳುತ್ತಿದ್ದ, ಬಂದವರನ್ನು ಸ್ವಲ್ಪ ಓರೆಯಾಗಿ ನೋಡಿ ಗುರುತಿಸುತ್ತಿದ್ದ. ಹೊಸಬರು ಅದನ್ನು ಗತ್ತು ಅಂದುಕೊಳ್ಳುತ್ತಿದ್ದರು. ಆದರೆ ಕಪ್ಪು ಗಾಜು ಇಳಿಸಿಕೊಂಡು ವೆಲ್ಡಿಂಗ್ ರಾಡನ್ನು ಕಬ್ಬಿಣಕ್ಕೆ ತಾಗಿಸಿದಾಗ ಬೇಕಾದದ್ದು ಆ ನಡುವೇ. ಎರಡು ತುಂಡು ಕೂಡುವ ಗೆರೆ ಅವನಿಗೆ ಕಾಣುತ್ತಿರಲಿಲ್ಲ. ಕೈ ಮಾತ್ರ ಹಳೆಯ ಅಭ್ಯಾಸದಲ್ಲಿ ಸಾಗುತ್ತಿತ್ತು, ಕರಗಿದ ಲೋಹ ಗೆರೆಯ ಪಕ್ಕಕ್ಕೋ ಮೇಲಕ್ಕೋ ಬಿದ್ದು ದಪ್ಪಗೆ ಮೆತ್ತಿಕೊಳ್ಳುತ್ತಿತ್ತು. ಆರಿದ ಮೇಲೆ ಕಿಟ್ಟ ಕೆರೆದು ಹೆಬ್ಬೆರಳು ಆಡಿಸಿದರೆ ಎಲ್ಲ ತುಂಬಿಕೊಂಡು ಗಟ್ಟಿಯಾಗಿಯೇ ಕೂತ ಹಾಗೆ ಅನ್ನಿಸುತ್ತಿತ್ತು. ಒಳಗೆ ಎರಡು ತುಂಡುಗಳು ಒಂದನ್ನೊಂದು ಮುಟ್ಟಿಯೂ ಇರುತ್ತಿರಲಿಲ್ಲ.

ಇದು ಅವಳಿಗೆ ಗೊತ್ತಾದದ್ದು ಗಾಡಿಯ ಕೆಳಗೆ ಕೊಡುವ ಸ್ಟ್ಯಾಂಡಿನ ಕಾಲೊಂದು ಅವಳ ಕೈಗೇ ಕಳಚಿಕೊಂಡು ಬಂದ ದಿನ. ಅದರ ಮೇಲೆ ಇನ್ನೂ ಗಾಡಿ ಕೂತಿರಲಿಲ್ಲ, ಪುಣ್ಯ. ಅಪ್ಪ ಊಟಕ್ಕೆ ಹೋದದ್ದೇ ತಡ ಗ್ರೈಂಡರಿನಿಂದ ಹಳೆಯದನ್ನೆಲ್ಲ ಉಜ್ಜಿ ತೆಗೆದು ತಾನೇ ಬೆಸೆದಳು. ಆದರೆ ಅಪ್ಪನ ಊಟ ಎಂದರೆ ಏನು, ಕೂತ ಹಾಗೆ ಮಾಡಿ ಎದ್ದು ಬರುವುದು. ಬೆಸುಗೆ ಇನ್ನೂ ಕೆಂಪಗಿರುವಾಗಲೇ ಬಾಗಿಲಲ್ಲಿ ಅವನ ನೆರಳು ಬಿತ್ತು. ಅವಳು ಅದರ ಮೇಲೆ ಗೋಣಿಚೀಲ ಎಸೆದಳು. ಗೋಣಿ ಹೊತ್ತಿಕೊಂಡಿತು. "ಏನೋ ಸುಟ್ಟ ವಾಸನೆ" ಎಂದ ಅಪ್ಪ. "ಆಚೆ ಯಾರದ್ದೋ ಗಾಡಿ ವಯರು" ಎಂದಳು. ಮನೆಗೆ ಬಂದು ಅಮ್ಮನ ಹತ್ತಿರ ಅತ್ತಳು. ಬಚ್ಚಲಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅಮ್ಮ, ಇಷ್ಟಕ್ಕೆ ಅಳುವುದೇಕೆ ಎನ್ನುವ ಹಾಗೆ, "ಇನ್ನೊಂದಿಷ್ಟು ಹೊತ್ತು ಸಿಕ್ಕಿದ್ರೆ ಆಯ್ತು ತಾನೇ? ಊಟ ಆದ ಮೇಲೂ ನಾನು ಮಾತಾಡ್ತಾ ಕೂರಿಸ್ಕೊಳ್ತೀನಿ" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದಳು: "ಆದ್ರೆ ಅವರ ಹತ್ರ ಏನು ಮಾತಾಡೋದೇ?"

ತಮಾಷೆಗೆ ಕೇಳಿದ್ದಲ್ಲ ಅದು. ಒಂದು ಇಡೀ ಸಂಸಾರವನ್ನು ಆ ಇಬ್ಬರೂ ಮಗಳ ಮೂಲಕವೇ ನಡೆಸಿದ್ದರು. ನಿಮ್ಮಪ್ಪನಿಗೆ ಹೇಳು ಅಕ್ಕಿ ಮುಗಿದಿದೆ, ನಿಮ್ಮಮ್ಮನಿಗೆ ಹೇಳು ನಲ್ಲಿ ಸರಿ ಮಾಡಿದ್ದೀನಿ. ಜಗಳವಿರಲಿಲ್ಲ, ಜಗಳವಾಡಲು ಕೂಡ ಎದುರುಬದುರು ಕೂರಬೇಕಲ್ಲ. ಅವಳ ಮದುವೆಯಾಗಿ ಅದು ಮುರಿದು ಅವಳು ಮನೆಗೆ ವಾಪಸು ಬಂದಾಗ, ಆ ನಡುವಿನ ವರ್ಷಗಳಲ್ಲಿ ಇವರು ಹೇಗೆ ಬದುಕಿದರೋ ಎನ್ನುವ ಪ್ರಶ್ನೆಯೇ ಅವಳಿಗೆ ತನ್ನ ಕಷ್ಟಕ್ಕಿಂತ ದೊಡ್ಡದಾಗಿ ಕಂಡಿತ್ತು. ಅಪ್ಪನನ್ನು ಕೂರಿಸಿಕೊಂಡ ಮೊದಲ ದಿನ ಅಮ್ಮ ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದನ್ನು ಹೇಳಿದಳಂತೆ. ಬೆಕ್ಕಿನ ಮರಿಗಳು ಮುಗಿದವು. ಕಿಟಕಿಯ ಹೊರಗೆ ಕಂಡದ್ದೆಲ್ಲ ಮುಗಿಯಿತು. ಕೊನೆಗೆ ಹೇಳಲು ಏನೂ ಉಳಿಯದೆ, "ನೀವು ಚಿಕ್ಕವರಿದ್ದಾಗ ಹೇಗಿದ್ರಿ?" ಎಂದು ಕೇಳಿಬಿಟ್ಟಳಂತೆ. ಆಮೇಲೆ ಅವಳು ಕೇಳಬೇಕಾಗಲೇ ಇಲ್ಲ. ಅಪ್ಪ ಈಗ ಊಟಕ್ಕೆ ಹೊರಡುವ ಮೊದಲು ಸೋಪಿನ ಪುಡಿ ಹಾಕಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದ, ಗಾಡಿಯ ಕನ್ನಡಿಯಲ್ಲಿ ಓರೆಯಾಗಿ ನೋಡಿಕೊಂಡು ತಲೆ ಬಾಚುತ್ತಿದ್ದ. "ನಿಮ್ಮಮ್ಮನಿಗೆ ಈಗ ಬಾಯಿ ಬಂದಿದೆ ಕಣಮ್ಮ. ಎದ್ದರೆ ಬಿಡಲ್ಲ, ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತಾಳೆ" ಎಂದು ದೂರಿನ ದನಿಯಲ್ಲಿ ಹೇಳುತ್ತ ಮೀಸೆಯಡಿಯಲ್ಲಿ ನಗುತ್ತಿದ್ದ. ಗ್ರೈಂಡರಿನ ವೈರನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳುತ್ತ ಅವಳೂ ನಗುತ್ತಿದ್ದಳು.

ಆ ಬೆಳಿಗ್ಗೆ ಅವಳು ಬೀದಿಗಿಳಿದಾಗ ಎಲ್ಲ ಶೆಡ್ಡುಗಳ ಬಾಗಿಲೂ ಒಂದೊಂದಾಗಿ ಮೇಲಕ್ಕೆ ಸುತ್ತಿಕೊಳ್ಳುತ್ತಿದ್ದವು. ಯಾರೋ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ನೀರು ಒದ್ದೆ ಮಾಡದೆ ಉರುಳಿಹೋಗುತ್ತಿತ್ತು. ಇವತ್ತು ಹಗುರಾಗಿರಬೇಕಿತ್ತು ಅವಳಿಗೆ. ನಿನ್ನೆ ದೊಡ್ಡ ಗಂಡಾಂತರ ಕಳೆದಿತ್ತು. ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕಾದರೆ ಅದರ ಸುತ್ತ ಇರುವ ಸ್ಪ್ರಿಂಗನ್ನು ಮೊದಲು ಅದುಮಿ ಹಿಡಿಯಬೇಕು. ಆ ಹಿಡಿತ ತಪ್ಪಿದರೆ ಸ್ಪ್ರಿಂಗು ಎದುರಿಗೆ ಯಾರ ಮುಖವಿದೆ ಎಂದು ನೋಡಿಕೊಂಡು ಹಾರುವುದಿಲ್ಲ. ಅದಕ್ಕೊಂದು ಸಾಧನ ಬೇಕು: ಎರಡು ಉದ್ದನೆಯ ಥ್ರೆಡ್ ರಾಡು, ಒಂದೊಂದರ ಎರಡು ತುದಿಗೂ ರಾಡಿಗೆ ತೊಡಿಸುವ ಗಿಡ್ಡ ಕೊಳವೆಗೆ ಬೆಸೆದ ಕೊಕ್ಕೆ; ಕೊಕ್ಕೆಗಳನ್ನು ಸ್ಪ್ರಿಂಗಿನ ಸುರುಳಿಗೆ ಸಿಕ್ಕಿಸಿ, ನಟ್ಟನ್ನು ಆ ಕಡೆಯದು ಸ್ವಲ್ಪ ಈ ಕಡೆಯದು ಸ್ವಲ್ಪ ಬಿಗಿಯುತ್ತ ಬಂದರೆ ಸ್ಪ್ರಿಂಗು ಕುಗ್ಗುತ್ತದೆ. ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯಿಂದ ತಂದದ್ದು ತನ್ನ ಕೈಗೆ ಕೂರುವುದಿಲ್ಲ ಎನ್ನುವುದು ಅಪ್ಪನ ಹಟ. ಶೆಡ್ಡಿನಲ್ಲಿರುವ ಅರ್ಧಕ್ಕರ್ಧ ಸಾಮಾನು ಅವನೇ ಮಾಡಿದ್ದು: ಹಳೆಯ ಬೇರಿಂಗು ಮತ್ತು ಬೋಲ್ಟಿನಿಂದ ಬುಶ್ ಕೂರಿಸುವ ಸಾಧನ, ಲಾರಿಯ ಪಟ್ಟಿ ಕತ್ತರಿಸಿ ಮಾಡಿದ ಎಳೆಗೊಕ್ಕೆ, ನೀರಿನ ಪೈಪು ತೊಡಿಸಿದ ಉದ್ದ ಸ್ಪ್ಯಾನರು. ಹಳೆಯ ಸ್ಪ್ರಿಂಗ್ ಕೊಕ್ಕೆಯ ಥ್ರೆಡ್ಡು ಸವೆದುಹೋಗಿದೆ, ಹೊಸದು ಮಾಡುತ್ತೇನೆ ಎಂದು ಅವನು ಕೂತಾಗ, ಅಪ್ಪ ಬೆಸೆದ ಗೇಟು ಸ್ಟೂಲುಗಳನ್ನು ಗುಟ್ಟಾಗಿ ತಿದ್ದಿ ಹೇಳಿದ ಸುಳ್ಳುಗಳನ್ನೆಲ್ಲ ಇದಕ್ಕಾಗಿಯೇ ಅಭ್ಯಾಸ ಮಾಡಿಕೊಂಡೆನೋ ಎಂದು ಅವಳಿಗೆ ಅನ್ನಿಸಿತ್ತು.

ಅಪ್ಪ ಮಾಡಿಟ್ಟಿದ್ದ ನಾಲ್ಕು ಕೊಕ್ಕೆಗಳನ್ನೂ ನಿನ್ನೆ ಊಟದ ಹೊತ್ತಿನಲ್ಲಿ ಮೊದಲಿನಿಂದ ಮಾಡಿದ್ದಳು. ಹಳೆಯ ಬೆಸುಗೆ ಉಜ್ಜಿ, ಅಂಚು ಓರೆ ಮಾಡಿ, ಸಂದಿನ ಬೇರಿಗೆ ಒಂದು ಸಲ ಮೇಲೆ ಒಂದು ಸಲ ಬೆಸುಗೆ ಎಳೆದು, ಅಪ್ಪನದ್ದೇ ಅನ್ನುವಂತೆ ಕೊನೆಯಲ್ಲಿ ಚೂರು ಬಲಕ್ಕೆ ಬಾಗಿಸಿ, ಒಣಬೂದಿಯಲ್ಲಿ ಹೂತಿಟ್ಟು ಆರಿಸಿದ್ದಳು. ಮಾಡಿದವನೇ ಮೊದಲ ಸಲ ಬಿಗಿಯಬೇಕು, ಬೇರೆ ಯಾರೂ ಎದುರಿಗೆ ನಿಲ್ಲಬಾರದು ಎನ್ನುವುದು ಅವರ ಶೆಡ್ಡಿನ ಕಟ್ಟಲೆ. ಅದರಂತೆ ಊಟ ಮುಗಿಸಿ ಬಂದ ಅಪ್ಪ ಅವಳನ್ನು ಗೋಡೆಯ ಕಡೆಗೆ ಸರಿಸಿ ತಾನೇ ಸ್ಪ್ಯಾನರ್ ಹಿಡಿದ. ಅದಕ್ಕೆ ಮೊದಲು ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿ, "ನೋಡು ಹೇಗೆ ಕೂತಿದೆ. ಕಣ್ಣು ಹೋಯ್ತು ಅಂದವನು ಯಾವನು?" ಎಂದ. ಸ್ಪ್ರಿಂಗು ಸುತ್ತು ಸುತ್ತಾಗಿ ಕುಗ್ಗಿ ಅವನ ಮುಂದೆ ತಲೆ ತಗ್ಗಿಸಿತು. ಅಪ್ಪ ಗಟ್ಟಿಯಾಗಿ ನಕ್ಕ. ಅವಳು ಚಪ್ಪಾಳೆ ತಟ್ಟಿದಳು. ಅಷ್ಟು ಚೆನ್ನಾಗಿ ನಾಟಕವಾಡಲು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆ ಚಪ್ಪಾಳೆಯಲ್ಲಿ ಕೆಟ್ಟ ಪಾಲೊಂದಿತ್ತು, ಅದು ಅವಳ ಸ್ವಂತದ್ದು. ನನ್ನ ಬೆಸುಗೆ ತಡೆಯಿತು ಎನ್ನುವ ಹೆಮ್ಮೆ. ಹಿಂದೊಮ್ಮೆ ಯಾರೋ ಗಿರಾಕಿ ಗೇಟಿನ ಕೀಲು ಮುಟ್ಟಿ ನೋಡಿ, "ಏನೇ ಅನ್ನಿ, ಯಜಮಾನರ ಕೈ ಅಂದ್ರೆ ಕೈ. ಈ ಹುಡುಗಿಗೂ ಸ್ವಲ್ಪ ಕಲಿಸಿ" ಎಂದಿದ್ದ. ಅದು ಅವಳೇ ಮಾಡಿದ ಕೀಲು. ಅಪ್ಪನಿಗಾಗಿ ಅನುಭವಿಸಬೇಕಾದ ದುಃಖವನ್ನು ಅವತ್ತು ಅವಳು ತನಗಾಗಿ ಅನುಭವಿಸಿದ್ದಳು, ಅದಕ್ಕೆ ನಾಚಿಕೊಂಡಿದ್ದಳು.

ಶೆಡ್ಡಿನ ಒಳಗೆ ಅಪ್ಪ ಸಿಳ್ಳೆ ಹಾಕುತ್ತಿದ್ದ. ಕಬ್ಬಿಣ ಅದುಮಿ ಹಿಡಿಯುವ ವೈಸಿನ ಕೆಳಗೆ ಹೊಸ ಪುಡಿ ಬಿದ್ದಿತ್ತು, ಗಾಳಿಯಲ್ಲಿ ವೆಲ್ಡಿಂಗ್ ವಾಸನೆ ಇನ್ನೂ ಬಿಸಿಯಾಗಿತ್ತು. "ಎಷ್ಟು ಹೊತ್ತಿಗೆ ಬಂದೆಯಪ್ಪಾ?" ಎಂದಳು. "ನಿದ್ದೆ ಬರಲಿಲ್ಲ ಕಣಮ್ಮ. ಕೈಗೆ ಹುರುಪು ಬಂದಿತ್ತು. ಇನ್ನೊಂದು ಜೊತೆ ಮಾಡಿಬಿಟ್ಟೆ" ಎಂದ. "ಎಲ್ಲಿ?" "ಟೈರಿನವನಿಗೆ ಕೊಟ್ಟೆ. ಪಾಪ, ಅವನೂ ಈಗ ಸ್ಪ್ರಿಂಗಿನ ಕೆಲಸ ಶುರು ಮಾಡಿದ್ದಾನಲ್ಲ, ಎಷ್ಟು ದಿನ ಅಂತ ನಮ್ಮದನ್ನೇ ಕೇಳ್ತಾನೆ." ಪಕ್ಕದ ಶೆಡ್ಡಿನ ಟೈರಿನವನು ಯಾವಾಗಲೂ ಹಲ್ಲು ಬಿಟ್ಟುಕೊಂಡೇ ಇರುವ ಮನುಷ್ಯ. ಪಂಕ್ಚರು ಹಾಕುವಾಗ ಟ್ಯೂಬಿಗೆ ಕೆನ್ನೆ ಒತ್ತಿ ಗಾಳಿ ಎಲ್ಲಿ ಸೋರುತ್ತದೆಂದು ನೋಡುವವನು. ಅದೇ ಮುಖವನ್ನು ಅವನು ಸ್ಪ್ರಿಂಗಿಗೂ ಕೊಡುತ್ತಾನೆ. "ಇವತ್ತೇ ಹಾಕ್ತಾನಂತಾ?" ಎಂದಳು. ದನಿ ಸಹಜವಾಗಿಯೇ ಬಂತು. "ಗಾಡಿ ಮಧ್ಯಾಹ್ನ ಬರುತ್ತಂತೆ."

ಮಧ್ಯಾಹ್ನ ಎನ್ನುವ ಮಾತು ಕಿವಿಗೆ ಬಿದ್ದಾಗ ಅವಳು ಉಸಿರು ಬಿಟ್ಟಳು. ಆಗಲೇ ಎದ್ದು ಹೋಗಿ ಕಸಿದುಕೊಂಡು ಬರಬೇಕಿತ್ತು, ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬ್ರೇಕಿನ ಡ್ರಮ್ಮು ಬಿಚ್ಚಿಕೊಂಡು ಕೂತಳು. ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಟೈರಿನವನಿಂದ ಏನಾದರೂ ನೆಪ ಹೇಳಿ ತರುವುದು, ಉಜ್ಜಿ ಬೆಸೆದು ಕೊಟ್ಟುಬಿಡುವುದು. ಇಷ್ಟು ದಿನ ನಡೆದಿದೆ, ಇನ್ನೊಂದು ಸಲ. ಡ್ರಮ್ಮಿನ ಧೂಳು ಕೊಡವುವ ನೆಪದಲ್ಲಿ ಹಿತ್ತಲಿಗೆ ಹೋಗಿ ಮನೆಗೆ ಫೋನು ಮಾಡಿದಳು. "ಅಮ್ಮ, ಇವತ್ತೂ ಕೂರಿಸ್ಬೇಕು." "ಹೌದಾ?" ಎಂದ ಅಮ್ಮನ ದನಿಯಲ್ಲಿ ಎದ್ದುಬಂದ ಖುಷಿಯನ್ನು ಅವಳು ಕೇಳದಿದ್ದರೆ ಚೆನ್ನಾಗಿತ್ತು. "ಎಷ್ಟು ಹೊತ್ತು?" "ಎಷ್ಟಾದ್ರೂ." ಫೋನು ಇಟ್ಟ ಮೇಲೆ ಅವಳಿಗೆ ಅನ್ನಿಸಿತು, ಅಪ್ಪನ ಕಣ್ಣನ್ನು ಮುಚ್ಚಿಡಲು ಶುರುವಾದ ಆಟ ಎಂದೋ ಮುಗಿದಿದೆ, ಈಗ ತಾನು ಮುಚ್ಚಿಡುತ್ತಿರುವುದು ಊಟದ ತಟ್ಟೆಯ ಎರಡು ಕಡೆ ಕೂತ ಆ ಇಬ್ಬರನ್ನು. ನಿಜ ಹೇಳಿದ ದಿನ ಅಪ್ಪನ ಕೆಲಸ ಹೋಗುವುದು ಹಾಗಿರಲಿ, ಅಮ್ಮ ಮತ್ತೆ ನಿಮ್ಮಪ್ಪನಿಗೆ ಹೇಳು ಎನ್ನತೊಡಗುತ್ತಾಳೆ.

ಡ್ರಮ್ಮಿನ ಒಳಗೆ ಮುಖ ಹಾಕಿ ಕೂತಿದ್ದಾಗಲೇ ಅದು ಕೇಳಿಸಿತು. ಹೊಸ ಥ್ರೆಡ್ಡಿನ ಮೇಲೆ ನಟ್ಟು ಬಿಗಿಯಾಗುವಾಗ ಬರುವ ಕಿರುಗುಟ್ಟುವ ಸದ್ದು. ಸ್ವಲ್ಪ ತಡೆದು, ಇನ್ನೊಂದು ಕಡೆಯದು. ಅವಳ ಕೈಯಿಂದ ಡ್ರಮ್ಮು ಬಿತ್ತು. ಓಡಿದಳು. ಟೈರಿನವನ ಶೆಡ್ಡಿನಲ್ಲಿ ಗಾಡಿ ಜಾಕಿನ ಮೇಲೆ ನಿಂತಿತ್ತು, ಅವನು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮೊಣಕಾಲುಗಳ ನಡುವೆ ಸ್ಪ್ರಿಂಗನ್ನು ಇಟ್ಟುಕೊಂಡಿದ್ದ, ಅರ್ಧ ಕುಗ್ಗಿದ ಸ್ಪ್ರಿಂಗಿನ ಮೇಲೆ ಬಾಗಿದ್ದ. "ಬನ್ನಿ ಅಕ್ಕ, ಗಾಡಿ ಬೇಗನೇ ಬಂತು. ಯಜಮಾನರ ಸಾಮಾನು ಬೆಣ್ಣೆ ಹಂಗೆ ಹೋಗ್ತಿದೆ ನೋಡಿ" ಎಂದ. ಅವಳು ನೋಡಿದ್ದು ಅವನ ಗದ್ದದ ಕೆಳಗಿದ್ದ ಕೊಕ್ಕೆಯನ್ನು. ಕೊಕ್ಕೆ ಕೊಳವೆಗೆ ಕೂಡಿದ ಕಡೆ ದಪ್ಪಗೆ ಮೆತ್ತಿದ್ದ ಲೋಹದ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೆರೆ ಬಾಯಿ ಬಿಟ್ಟಿತ್ತು. ಕೂಗಿದರೆ ಬೆಚ್ಚುತ್ತಾನೆ, ಬೆಚ್ಚಿದರೆ ಕೈ ಜಾರುತ್ತದೆ. ಅವಳು ಬಾಗಿಲಲ್ಲೇ ನಿಂತು, ಮಗುವನ್ನು ಮಲಗಿಸುವಾಗಿನ ದನಿಯಲ್ಲಿ, "ಅಣ್ಣ, ಮುಖ ಪಕ್ಕಕ್ಕೆ ತಗೋ" ಎಂದಳು. "ಯಾಕಕ್ಕ?" "ತಗೋ ಹೇಳ್ತೀನಿ. ಹಾಂ. ಈಗ ಆ ನಟ್ಟು ಸ್ವಲ್ಪ ಸಡಿಲ ಮಾಡು. ನಿಧಾನ. ಈಗ ಇದು. ಮತ್ತೆ ಅದು." ಅವನ ಹಲ್ಲು ಮೊದಲ ಬಾರಿಗೆ ಒಳಗೆ ಹೋಯಿತು. ಸ್ಪ್ರಿಂಗು ಉದ್ದವಾಗುತ್ತ ಉದ್ದವಾಗುತ್ತ, ಕೊನೆಗೆ ಎರಡು ರಾಡುಗಳೂ ಸಡಿಲಾಗಿ ನೆಲಕ್ಕೆ ಬಿದ್ದ ಮೇಲೆ ಅವಳು ಒಳಗೆ ಹೋದಳು.

"ಯಾಕೆ ಬಿಚ್ಚಿಸ್ತಿದ್ದೀಯಾ?" ಹಿಂದೆ ಅಪ್ಪ ನಿಂತಿದ್ದ. ಅವನು ಎಷ್ಟು ಹೊತ್ತಿನಿಂದ ಅಲ್ಲಿದ್ದನೋ. "ಥ್ರೆಡ್ ಸರಿ ಇದ್ದ ಹಾಗಿಲ್ಲ ಅಪ್ಪ" ಎಂದಳು. "ಇಲ್ಲ ಅಕ್ಕ, ಥ್ರೆಡ್ ಚೆನ್ನಾಗಿಯೇ..." ಎಂದ ಟೈರಿನವನು ಅವಳ ಮುಖ ನೋಡಿ ಸುಮ್ಮನಾದ. ಅಪ್ಪನ ಮುಖ ಬಿಗಿಯಿತು. "ಹೊಸ ರಾಡು ಅದು, ನಾನೇ ಆರಿಸಿ ತಂದದ್ದು. ತಪ್ಪು ನನ್ನದೇ, ಮೊದಲು ನಾನು ಬಿಗಿದು ಕೊಡಬೇಕಿತ್ತು. ಕಟ್ಟಲೆ ಮರೆತೆ" ಎಂದು ಸ್ಪ್ಯಾನರಿಗೆ ಕೈ ಚಾಚಿ, ಮೊಣಕಾಲೂರಿ ಸ್ಪ್ರಿಂಗಿನ ಎದುರಿಗೆ ಕೂರಲು ಬಗ್ಗಿದ. ಬಗ್ಗುವಾಗ ಅವನ ಕುತ್ತಿಗೆ ಕಂಡಿತು. ಬೆಳಿಗ್ಗೆ ಬಾಚಿದ ಕೂದಲಿನ ಕೆಳಗೆ ಮುಖ ತೊಳೆದ ಸೋಪು ಒಣಗಿ ಬೆಳ್ಳಗೆ ಅಂಟಿಕೊಂಡಿತ್ತು. ಇಲ್ಲ ಅಪ್ಪ, ಬೇಡ ಅಪ್ಪ ಎಂದು ಎಷ್ಟು ಹೇಳಿದರೂ ಅವನು ಕೇಳುವವನಲ್ಲ, ಕಾರಣ ಕೇಳುತ್ತಾನೆ. ಅವಳು ಆ ಬಿರುಕು ಬಿಟ್ಟ ಕೊಕ್ಕೆಯನ್ನು ನೆಲದಿಂದ ಎತ್ತಿಕೊಂಡಳು. ಟೈರಿನವನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ಕೈಗೆ ಸಿಕ್ಕಿದ ಸುತ್ತಿಗೆಯಿಂದ ಹೊಡೆದಳು. ಅಷ್ಟು ಜೋರಾಗಿ ಹೊಡೆಯಬೇಕಾಗಿರಲಿಲ್ಲ. ಒಂದೇ ಏಟಿಗೆ ಕೊಕ್ಕೆ ಹಾರಿ ಟೈರುಗಳ ರಾಶಿಯ ಮೇಲೆ ಬಿತ್ತು, ಕೊಳವೆ ಅವಳ ಕೈಯಲ್ಲಿ ಉಳಿಯಿತು.

ಟೈರಿನವನು ತನ್ನ ಗದ್ದ ಸವರಿಕೊಂಡ. ಆಮೇಲೆ ಅವನು ಮಾಡಿದ್ದನ್ನು ಅವಳು ಜನ್ಮದಲ್ಲಿ ಮರೆಯಲಾರಳು, ಸಾವಿನ ಬಾಯಿಂದ ಈಚೆ ಬಂದು ಒಂದು ಗಳಿಗೆಯೂ ಆಗದ ಆ ಮನುಷ್ಯ ಹಲ್ಲು ಬಿಟ್ಟು ನಕ್ಕು, "ಈಗಿನ ವೆಲ್ಡಿಂಗ್ ರಾಡುಗಳೇ ಹಂಗೆ ಯಜಮಾನರೇ, ಬರೀ ಮಣ್ಣು. ನಮ್ಮ ಮನೆ ಮಂಚದ್ದೂ ಹಿಂಗೇ ಆಯ್ತು" ಎಂದ. ಅಪ್ಪ ಅವಳ ಕೈಯಿಂದ ಕೊಳವೆ ತೆಗೆದುಕೊಂಡ. ಕಣ್ಣಿನ ಹತ್ತಿರ ಹಿಡಿಯಲಿಲ್ಲ. ಮುರಿದ ಜಾಗದ ಮೇಲೆ ಹೆಬ್ಬೆರಳನ್ನು ಇಟ್ಟು ನಿಧಾನಕ್ಕೆ ಆಡಿಸಿದ. ಕೊಳವೆಯ ಮೇಲೆ ಅವನೇ ಅರದಿಂದ ಉಜ್ಜಿದ್ದ, ಬೆಸುಗೆಯಲ್ಲಿ ಕರಗಬೇಕಿದ್ದ ಗೆರೆಗಳು ಒಂದೂ ಕರಗದೆ ಹಾಗೇ ಇದ್ದವು. ಬೆರಳಿಗೆ ಅವು ಒಂದೊಂದಾಗಿ ಸಿಕ್ಕಿರಬೇಕು. "ಹೌದು. ರಾಡು ಸರಿಯಿಲ್ಲ" ಎಂದ. ತಿರುಗಿ ಹೊರಟ. ದಿನವೂ ಯಾರನ್ನೂ ಎಡವದವನು ಹೊಸ್ತಿಲನ್ನು ಎಡವಿದ.

ತಮ್ಮ ಶೆಡ್ಡಿಗೆ ಬಂದ ಮೇಲೆ, "ನಿನ್ನೆಯದು ಕೊಡು" ಎಂದ. ಕೊಟ್ಟಳು. ನಾಲ್ಕು ಕೊಕ್ಕೆಗಳನ್ನೂ ಮುಟ್ಟಿದ. ನಿನ್ನೆ ಹೆಮ್ಮೆಯಿಂದ ಆಡಿದ ಬೆರಳು ಇವತ್ತು ಹುಡುಕುತ್ತಿತ್ತು. "ಇದು ನಿನ್ನ ಕೈ" ಎಂದ. "ಕೊನೆಯಲ್ಲಿ ನನ್ನ ಹಾಗೆ ಬಾಗಿಸೋಕೆ ಹೋಗಿದ್ದೀಯ. ನಾನು ಅಷ್ಟು ಬಾಗಿಸಲ್ಲ." ಅದನ್ನು ಬೈಗುಳದ ಹಾಗೆ ಹೇಳಲಿಲ್ಲ, ಕೆಲಸ ಕಲಿಸುವಾಗ ಹೇಳುತ್ತಿದ್ದ ಹಾಗೆಯೇ ಹೇಳಿದ. "ಯಾವಾಗ ಮಾಡಿದೆ?" "ನೀನು ಊಟಕ್ಕೆ ಹೋದಾಗ." ಅಪ್ಪ ತಲೆಯಾಡಿಸಿದ, ಮತ್ತೆ ಯೋಚಿಸಿದ. ಅವನು ಏನು ಯೋಚಿಸುತ್ತಿದ್ದಾನೆಂದು ಅವಳಿಗೆ ತಿಳಿಯಿತು, ತಿಳಿದಾಗ ತಡವಾಗಿತ್ತು. ಉಜ್ಜಿ ತೆಗೆಯುವುದಕ್ಕೆ ಎಷ್ಟು ಹೊತ್ತು, ಬೇರು ಹಿಡಿಸುವುದಕ್ಕೆ ಎಷ್ಟು, ಮೇಲಿನದಕ್ಕೆ ಎಷ್ಟು, ಇದೆಲ್ಲ ಅವನ ಕೈಗೆ ಗೊತ್ತಿದ್ದ ಲೆಕ್ಕ. "ನಾಲ್ಕು ಕೊಕ್ಕೆ" ಎಂದ. "ನೀರಿಗೆ ಅದ್ದಿದ್ಯಾ?" "ಇಲ್ಲಪ್ಪ. ಬೂದಿಯಲ್ಲಿ ಆರಿಸಿದ್ದು." ನೀರಿಗೆ ಅದ್ದಿದೆ ಎಂದು ಸುಳ್ಳು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನೀರಿಗೆ ಅದ್ದಿದರೆ ಕಬ್ಬಿಣ ಪೆಡಸಾಗುತ್ತದೆ ಎಂದು ಚಿಕ್ಕಂದಿನಲ್ಲಿ ಕಿವಿ ಹಿಂಡಿ ಕಲಿಸಿದವನೇ ಅವನು. ಅವನ ಮುಂದೆ ಆ ಒಂದು ಸುಳ್ಳು ಹೇಳಲು ಅವಳ ನಾಲಿಗೆ ಏಳಲಿಲ್ಲ. "ಬೂದಿಯಲ್ಲಿ ಆರೋಕೆ ತುಂಬಾ ಹೊತ್ತು ಬೇಕಲ್ಲ" ಎಂದ ಅಪ್ಪ. "ನೀನು ಬಂದದ್ದೂ ತಡವಾಗಿತ್ತಲ್ಲ..." ಎಂದಳು. "ಹೂಂ. ನಿಮ್ಮಮ್ಮ ಮಾತಾಡ್ತಿದ್ದಳು."

ಹೊರಗೆ ಯಾರೋ ಹಾರ್ನು ಒತ್ತಿ ಒತ್ತಿ ಸರಿಯಿದೆಯೇ ಎಂದು ನೋಡುತ್ತಿದ್ದರು. ಅದು ನಿಲ್ಲುವವರೆಗೂ ಅಪ್ಪ ಕಾದ. "ಅವಳಿಗೆ ಗೊತ್ತಾ?" ಎಂದ. "ಇಲ್ಲ. ಅಮ್ಮನಿಗೆ ಏನೂ ಗೊತ್ತಿಲ್ಲ" ಎಂದಳು. ತಕ್ಷಣ ಹೇಳಿದಳು, ಕೇಳುವ ಮೊದಲೇ ಸಿದ್ಧವಾಗಿದ್ದ ಉತ್ತರದ ಹಾಗೆ ಅದು ಬಂದುಬಿಟ್ಟಿತು. ಅಪ್ಪ ಅವಳ ಕಡೆಗೆ ಓರೆಯಾಗಿ ತಿರುಗಿದ, ಅವಳ ಮುಖವನ್ನು ಕಣ್ಣಂಚಿಗೆ ತಂದುಕೊಂಡು ಬಹಳ ಹೊತ್ತು ನೋಡಿದ. ಕಪ್ಪು ಗಾಜನ್ನು ಮೊಳೆಗೆ ನೇತುಹಾಕಿ, ಮಧ್ಯಾಹ್ನದವರೆಗೂ ಡಬ್ಬಿಯಲ್ಲಿದ್ದ ಹಳೆಯ ನಟ್ಟುಗಳನ್ನು ಬೆರಳಿನಿಂದ ಅಳೆದು ಬೇರೆ ಬೇರೆ ಮಾಡುತ್ತ ಕೂತ. ಅದು ಬೇಕಾದ ಕೆಲಸವಾಗಿರಲಿಲ್ಲ. ಊಟದ ಹೊತ್ತಾದಾಗ ಎದ್ದ. ಕೈಗೆ ಸೋಪಿನ ಪುಡಿ ಹಾಕಿಕೊಂಡ, ಮೊಣಕೈವರೆಗೆ ತೊಳೆದ. ಕನ್ನಡಿಯ ಹತ್ತಿರ ಹೋಗಲಿಲ್ಲ.

ಅವನು ತಿರುವಿನಲ್ಲಿ ಮರೆಯಾದ ಕೂಡಲೇ ಅವಳು ಫೋನು ಕೈಗೆತ್ತಿಕೊಂಡಳು. ಬೇಡಮ್ಮ, ಇವತ್ತು ಕೂರಿಸಬೇಡ, ಅಪ್ಪನಿಗೆ ಗೊತ್ತಾಗಿದೆ, ಇಷ್ಟೇ ಹೇಳಬೇಕಾಗಿದ್ದದ್ದು. ಆದರೆ ಹಾಗೆ ಹೇಳಿದರೆ ಅಮ್ಮ ಏನು ಮಾಡುತ್ತಾಳೆ? ಬಡಿಸಿ ಒಳಗೆ ಹೋಗುತ್ತಾಳೆ. ಅಪ್ಪ ಗೋಡೆ ನೋಡಿಕೊಂಡು ಉಣ್ಣುತ್ತಾನೆ. ಹೇಳದೆ ಇದ್ದರೆ ಅಮ್ಮ ಮಾತಾಡುತ್ತಾಳೆ, ಅಪ್ಪ ಅವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಕೇಳುತ್ತಾನೆ. ಒಂದು ಸಲ ಹಾಗೆ ಕೂತು ಎದ್ದರೆ ಸಾಕು, ಇನ್ನು ಮುಂದೆ ಬೆಸುಗೆಯ ಹಂಗಿಲ್ಲದೆಯೇ ಅವರು ಕೂರಬಹುದು. ಅವಳು ಫೋನು ಕೆಳಗಿಟ್ಟಳು. ಶೆಡ್ಡಿನಲ್ಲಿ ಉಜ್ಜಲು ಏನೂ ಇರಲಿಲ್ಲ, ಬೆಸೆಯಲು ಏನೂ ಇರಲಿಲ್ಲ. ಇಷ್ಟು ದಿನ ಕದ್ದು ಕದ್ದು ಸಾಲದೇ ಹೋಗುತ್ತಿದ್ದ ಆ ಹೊತ್ತು ಈಗ ಅವಳ ಮುಂದೆ ಖಾಲಿ ಬಿದ್ದಿತ್ತು. ಬುತ್ತಿ ಬಿಚ್ಚಿದಳು, ಎರಡು ತುತ್ತು ತಿಂದಳು. ಇಷ್ಟು ಹೊತ್ತಿಗೆ ತಟ್ಟೆ ಮುಂದೆ ಕೂತಿರುತ್ತಾನೆ. ಇಷ್ಟು ಹೊತ್ತಿಗೆ ಅಮ್ಮ ಏನಾದರೂ ಶುರು ಮಾಡಿರುತ್ತಾಳೆ. ಬರದಿರಲಿ, ಇನ್ನೂ ಬರದಿರಲಿ ಎಂದು ಬಾಗಿಲನ್ನು ನೋಡುತ್ತ ಕೂತಳು.

ಬಾಗಿಲಲ್ಲಿ ನೆರಳು ಬಿತ್ತು. ಅವಳು ಇನ್ನೂ ತಿಂದು ಮುಗಿಸಿರಲಿಲ್ಲ. "ಇಷ್ಟು ಬೇಗ ಬಂದೆಯಲ್ಲಪ್ಪ. ಅಮ್ಮ ಮಾತಾಡ್ಲಿಲ್ವಾ?" ಎಂದಳು. "ಆಡ್ತಿದ್ದಳು. ನಾನೇ ಎದ್ದು ಬಂದೆ." ಅವನು ಸ್ಟೂಲು ಎಳೆದುಕೊಂಡು ಕೂತ, ಅವಳಿಗೆ ಬೆನ್ನು ಹಾಕಿ, ಬೀದಿಯ ಕಡೆ ಮುಖ ಮಾಡಿ. "ಸಾಕು ಬಿಡೇ, ಇವತ್ತು ಮಗಳು ತಿದ್ದೋಕೆ ನಂದು ಯಾವ ಬೆಸುಗೆಯೂ ಇಲ್ಲ ಅಂದೆ. ನಿಮ್ಮಮ್ಮ ಕೈಯಲ್ಲಿದ್ದ ಸೌಟು ಬೀಳಿಸಿದಳು. ಅವಳಿಗೂ ಗೊತ್ತಿತ್ತು ಅಂತ ಗೊತ್ತಾಯ್ತು" ಎಂದ. ಅವಳು ಬುತ್ತಿಯನ್ನು ಪಕ್ಕಕ್ಕೆ ಸರಿಸಿದಳು. ಕೇಳಬಾರದೆಂದುಕೊಂಡೇ ಕೇಳಿದಳು: "ಅಮ್ಮ ಏನಂದ್ಲು?"

"ಕೆಲಸ ಇಲ್ದಿದ್ರೂ ಕೂತ್ಕೊಳ್ಳಿ ಅಂದಳು." ಅಪ್ಪ ಸ್ವಲ್ಪ ನಕ್ಕ. "ಚೆನ್ನಾಗಿ ಹೇಳಿಕೊಟ್ಟಿದ್ದೀಯ ಕಣಮ್ಮ."

"ಅಪ್ಪ, ಅದು ನಾನು ಹೇಳಿಕೊಟ್ಟದ್ದಲ್ಲ."

"ಹೂಂ."

"ನನ್ನಾಣೆ ಅಪ್ಪ. ಅದೊಂದು ಮಾತು ಅಮ್ಮನದ್ದೇ. ನೀನು ಈಗಲೇ ವಾಪಸು ಹೋಗು, ಅವಳು ಇನ್ನೂ ಅಲ್ಲೇ ಕೂತಿರ್ತಾಳೆ."

"ಹೂಂ ಕಣಮ್ಮ, ಆಯ್ತು. ನೀನು ಊಟ ಮುಗಿಸು" ಎಂದು ಅವನು ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿ, ನಟ್ಟುಗಳ ಡಬ್ಬಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡ.